ಮೊರ್ವಿಯೆಯಲ್ಲಿ ಹುಟ್ಟಿದವಳು

ಜೂನ್ 3, ಮಂಗಳವಾರ. ಬೆಳಿಗ್ಗೆ 9.10

ಮತ್ತೆ ರಿಂಗ್ ಆಗಿ ಕಟ್ ಆಯಿತು. ಮೊರ್ವಿಯೆ ಪಂಚಾಯ್ತಿ ಆಫೀಸು ತೆರೆಯುವುದೇ ಮಂಗಳವಾರ, ಶುಕ್ರವಾರ. ಅದೂ ಎರಡು ಗಂಟೆ. ಫ್ರಾನ್ಸಿನ ಹಳ್ಳಿ, ಜನ ನೂರ ನಲವತ್ಮೂರು. ಒಬ್ಬರಾದರೂ ಫೋನ್ ಎತ್ತಬಾರದೆ?

ಅಂದು ರಜೆಗೆ ಹೋದಾಗ ಕಾರು ಕೆಟ್ಟು ನಿಂತದ್ದು ಅಲ್ಲಿ. ನನಗೆ ಏಳೂವರೆ ತಿಂಗಳು. ಆಂಬುಲೆನ್ಸ್ ಬರುವಷ್ಟರಲ್ಲಿ ಮಗಳು ಪ್ರೇಕ್ಷಾ ಹುಟ್ಟಿಯಾಗಿತ್ತು. ಜನನಪತ್ರ ಬ್ರಿಟನ್ನಿನ ಈ ಹೇಸ್‌ಗೆ ಮನೆ ಬದಲಿಸುವಾಗ ಕಳೆದುಹೋಯಿತು. ಜುಲೈ 9ಕ್ಕೆ ಅವಳಿಗೆ ಹದಿನೆಂಟು. ಅದರೊಳಗೆ ಆ ಪತ್ರ ಇಟ್ಟು ಬ್ರಿಟಿಷ್ ಪೌರತ್ವದ ಅರ್ಜಿ ಹೋಗದಿದ್ದರೆ ಮಕ್ಕಳಿಗಿರುವ ದಾರಿ ಮುಚ್ಚಿತು. ಮುಂದೂಡುತ್ತಾ ಬಂದದ್ದು ನಾವೇ...

ಜೂನ್ 6, ಶುಕ್ರವಾರ

ಕೊನೆಗೂ ಎತ್ತಿದರು. ಹೊಸ ಸೆಕ್ರೆಟರಿ. ಪ್ರೇಕ್ಷಾ ತನ್ನ ಸ್ಕೂಲ್ ಫ್ರೆಂಚಿನಲ್ಲಿ ಮಾತಾಡಿದಳು.

"ಚಂದ್ರಶೇಖರ್ ಅನ್ನೋ ಸರ್‌ನೇಮಲ್ಲಿ ಯಾರೂ ಹುಟ್ಟಿಲ್ವಂತೆ. ಐ ಡೋಂಟ್ ಎಗ್ಸಿಸ್ಟ್, ಅಮ್ಮ." ನಕ್ಕಳು.

ನನಗೆ ಉರಿಯಿತು. "ಅದು ನಿಮ್ಮಪ್ಪನ ಹೆಸರು ಕಣೇ. ನಮ್ಮಲ್ಲಿ ಸರ್‌ನೇಮ್ ಎಲ್ಲಿದೆ? ನಿನ್ನ ಹೆಸರಲ್ಲೇ ನೋಡೋಕೆ ಹೇಳು."

ಹೇಳುವಷ್ಟರಲ್ಲಿ ಆಫೀಸ್ ಟೈಮ್ ಮುಗಿಯಿತು. ಇಟ್ಟುಬಿಟ್ಟರು.

ಜೂನ್ 17

ಮೂರು ಇಮೇಲ್. ಉತ್ತರವಿಲ್ಲ. ಫೋನ್ ಮಾಡಿದರೆ ಸೆಕ್ರೆಟರಿ ರಜೆ ಅನ್ನುವ ರೆಕಾರ್ಡಿಂಗ್.

ಇವರು, "ವಕೀಲರನ್ನ ಕೇಳೋಣ, ತಡಿ" ಅಂದರು.

"ತಡಿ ತಡಿ ಅಂತಲೇ ಹದಿನೇಳು ವರ್ಷ ಆಯ್ತು ರೀ!"

ಎದ್ದು ಹೋಗಿ ರೂಮಿನ ಬಾಗಿಲು ಹಾಕಿಕೊಂಡರು. ಪ್ರೇಕ್ಷಾ ತಟ್ಟೆ ಬಿಟ್ಟು ಎದ್ದಳು. "ಯು ಗೈಸ್ ಆರ್ ಫೈಟಿಂಗ್ ಬಿಕಾಸ್ ಐ ವಾಸ್ ಬಾರ್ನ್."

ಅವಳ ತಟ್ಟೆ ಮುಚ್ಚಿಟ್ಟೆ.

ಜೂನ್ 24

ಇವತ್ತು ಸೆಕ್ರೆಟರಿ ಸಿಕ್ಕಾಗ ಪ್ರೇಕ್ಷಾ ಕೈಲಿ ಬೇರೆ ಮಾತು ಹೇಳಿಸಿದೆ. ಜನನ ದಾಖಲೆಯ ಪುಸ್ತಕ ಹಾಗಿರಲಿ, ಊರಿನ ಹಳಬರನ್ನು ಕೇಳಿ. ಬೇಕರಿ ಎದುರಿನ ಮನೆಯ ನರ್ಸ್ ಓದೀಲ್, ಹೆರಿಗೆ ಮಾಡಿಸಿದವರು.

ಸೆಕ್ರೆಟರಿ ಹೇಳಿದರಂತೆ: ಬೇಕರಿ ಮುಚ್ಚಿ ಆರು ವರ್ಷ. ಓದೀಲ್ ಇದ್ದಾರೆ.

ಜುಲೈ 1, ಮಂಗಳವಾರ

ಓದೀಲ್ ಕೋಲೂರಿಕೊಂಡು ತಾವೇ ಆಫೀಸಿಗೆ ಹೋಗಿ ಕೂತರಂತೆ. ಪುಸ್ತಕ ತೆಗೆಸುವವರೆಗೂ ಏಳಲಿಲ್ಲವಂತೆ. ಆ ವರ್ಷ ಊರಲ್ಲಿ ಹುಟ್ಟಿದ್ದೇ ಒಂದು ಮಗು! ಸರ್‌ನೇಮ್ ಜಾಗದಲ್ಲಿ 'ಪ್ರೇಕ್ಷಾ' ಅಂತ ಬರೆದಿದೆ. ಪುಟ ತಿರುವಿದ್ದರೆ ಮೊದಲ ದಿನವೇ ಸಿಗುತ್ತಿತ್ತು. ಕೂಗಾಡಬೇಕು ಅನ್ನಿಸಿತು. ಯಾರ ಮೇಲೆ?

ಜನನಪತ್ರದ ಪ್ರತಿ ಪೋಸ್ಟಿಗೆ ಹಾಕಿದ್ದಾರಂತೆ. ಉಳಿದಿರುವುದು ಎಂಟು ದಿನ.

ಜುಲೈ 8, ಸಂಜೆ

ಪತ್ರ ಬಂತು. ಒಂದು ದಿನ ಇರುವಾಗ ಅರ್ಜಿ ಹೋಯಿತು. ಇವರು ಸೋಫಾದಲ್ಲಿ ಕೂತು ಕಣ್ಣೊರೆಸಿಕೊಂಡರು. ನಾನು ನೋಡದ ಹಾಗೆ ಇದ್ದೆ.

ಲಕೋಟೆಯಲ್ಲಿ ಓದೀಲ್ ನಂಬರ್ ಇತ್ತು. ಪ್ರೇಕ್ಷಾ ಫೋನ್ ಮಾಡಿದಳು. ತುಂಬ ಹೊತ್ತು ಬರೀ ಕೇಳುತ್ತಾ ನಿಂತಳು.

"ಏನಂತೆ?"

"ನಾನಾದ್ಮೇಲೆ ಆ ಊರಲ್ಲಿ ಯಾರೂ ಹುಟ್ಟಿಲ್ವಂತೆ. ಐ ವಾಸ್ ದ ಲಾಸ್ಟ್ ಒನ್." ಫೋನ್ ನನ್ನ ಕಡೆ ಚಾಚಿದಳು. "ನಿನ್ನ ಕೇಳ್ತಿದಾರೆ, ಅಮ್ಮ."

ಫೋನ್ ತೆಗೆದುಕೊಂಡೆ. ಫ್ರೆಂಚ್ ಬಾರದು. ಥ್ಯಾಂಕ್ಯೂ ಅಂದೆ. ಸಾಲದು ಅನ್ನಿಸಿತು. ಆಮೇಲೆ ಕನ್ನಡದಲ್ಲೇ ಶುರು ಮಾಡಿದೆ... ಓದೀಲಮ್ಮಾ, ಅವತ್ತು ನೀವು—