ಹಿತ್ತಾಳೆ ಪಿನ್ನು

ಚಿಂತಾಮಣಿ
೮ ಫೆಬ್ರವರಿ ೨೦೦೯, ಭಾನುವಾರ

ಚಿ. ಸೌ. ಭಾನುಪ್ರಿಯಾಗೆ ಅಪ್ಪನ ಮನಃಪೂರ್ವಕ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯಬೇಕು. ಕ್ಷೇಮವೇ, ನಿಮ್ಮಮ್ಮ ನನ್ನ ಜೊತೆ ಮಾತು ಬಿಟ್ಟು ಆರು ದಿನ ಆಯಿತು ಅನ್ನುವುದೊಂದನ್ನು ಬಿಟ್ಟರೆ. ಊಟ ಬಡಿಸುತ್ತಾಳೆ, ಸಾರು ಬೇಕೇ ಅಂತ ಕೇಳುವುದಿಲ್ಲ. ಫೋನ್ ಇರುವ ಕಾಲದಲ್ಲಿ ಅಪ್ಪ ಕಾಗದ ಬರೀತಾನಲ್ಲ ಅಂತ ನಗಬೇಡ. ಫೋನಿನಲ್ಲಿ ನೀನು ‘ಹೇಳಪ್ಪಾ’ ಅಂದ ಕೂಡಲೇ ನನ್ನ ಬಾಯಿ ಮಳೆ, ಮೊಣಕಾಲು ನೋವು, ಟೊಮೆಟೊ ಮಂಡಿ ಅಂತ ಓಡಿಬಿಡುತ್ತದೆ. ಮೂರು ವರ್ಷದಿಂದ ಹಾಗೇ ಓಡುತ್ತಿದೆ. ಈ ಕಾಗದ ಅಷ್ಟು ತಡ ಅಂತ ತಿಳಿದುಕೋ.

ಸಂಕ್ರಾಂತಿ ದಿನ ನಿನ್ನ ಗಂಡ ಫೋನ್ ಮಾಡಿದ್ದ. ಗೌರಿಬಿದನೂರಿನ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಮಳಿಗೆ ಖಾಲಿ ಇದೆಯಂತೆ, ಪಂಪ್‌ಸೆಟ್ ರಿಪೇರಿಗೆ ಹೇಳಿ ಮಾಡಿಸಿದಂತಿದೆಯಂತೆ. "ಮಾವ, ಭಾನು ಒಪ್ತಾನೇ ಇಲ್ಲ. ಮನೇಲಿ ಮಿಕ್ಸಿ ಕೆಟ್ರೂ ಮುಟ್ಟಲ್ಲ. ನನ್ನ ಕೈ ಏನು ಮಾಡುತ್ತೆ ಅಂತ ನನಗೇ ನಂಬಿಕೆ ಇಲ್ಲ ಅಂತಾಳೆ. ನೀವೊಂದು ಮಾತು ಹೇಳಿ" ಅಂದ. ಕನಕರಾಜ್ ಒಳ್ಳೆಯವನು. ನಾನು ‘ನೋಡೋಣಪ್ಪ’ ಅಂದು ಫೋನ್ ಇಟ್ಟೆ. ಹೇಳಬೇಕಾದ ಮಾತು ಏನೆಂದು ಗೊತ್ತಿದ್ದವನು ಲೋಕದಲ್ಲಿ ನಾನೊಬ್ಬನೇ, ಆದರೂ ನೋಡೋಣಪ್ಪ ಅಂದೆ.

ಮೊದಲಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದೇ. ಆದರೆ ಅಡ್ಡದಾರಿ ಸಿಕ್ಕಿದರೆ ನಾನು ತಪ್ಪಿಸಿಕೊಳ್ಳುವ ಜಾತಿ, ಅದಕ್ಕೆ.

೨೦೦೫ರಲ್ಲಿ ಮಳೆ ಹುಯ್ದು, ಅಂಬಾಜಿದುರ್ಗದ ತಪ್ಪಲಿನ ಕೆರೆ ಎಷ್ಟೋ ವರ್ಷದ ಮೇಲೆ ಕೋಡಿ ಬಿತ್ತಲ್ಲ, ಆಗ ಆ ಊರಿನ ವೆಂಕಟರಾಯಪ್ಪನವರು ಎತ್ತಿನ ಗಾಡಿಯಲ್ಲಿ ಆ ಮೋಟರ್ ತಂದು ನಮ್ಮ ಅಂಗಡಿ ಮುಂದೆ ಇಳಿಸಿದರು. ಅವರ ತಂದೆ ಅರವತ್ತರ ದಶಕದಲ್ಲಿ ಮಿಲಿಟರಿ ಹರಾಜಿನಲ್ಲಿ ಹಿಡಿದದ್ದು, ದೋಣಿಯ ಹಿಂದಕ್ಕೆ ಕಚ್ಚಿಸುವ ಔಟ್‌ಬೋರ್ಡ್ ಮೋಟರ್. ಕೊಟ್ಟಿಗೆ ಅಟ್ಟದ ಮೇಲೆ ಇಪ್ಪತ್ತೈದು ವರ್ಷ ಮಲಗಿತ್ತು. ಬಾಗಿನವನ್ನು ಎಲ್ಲರ ಹಾಗೆ ಏರಿಯ ಮೇಲಿಂದ ಬಿಡದೆ, ತಾಯಿ ಅಕ್ಕಯ್ಯಮ್ಮನವರನ್ನು ದೋಣಿಯಲ್ಲಿ ಕೂರಿಸಿ ನಡುನೀರಿನಲ್ಲಿ ಬಿಡಿಸಬೇಕು ಅನ್ನುವುದು ಅವರ ಆಸೆ. ನಾನು ಪಂಪ್‌ಸೆಟ್ಟು, ಹಳೇ ಜಾವಾ ಬೈಕು ಬಿಟ್ಟರೆ ಬೇರೆ ಕಂಡವನಲ್ಲ. ನಮ್ಮ ಸೀಮೆಯಲ್ಲಿ ದೋಣಿಗೆ ಮೋಟರ್ ಅಂದರೆ ಕೋಳಿಗೆ ಚಪ್ಪಲಿ ಹೊಲಿಸಿದ ಹಾಗೆ. ಆದರೂ ಹೂಂ ಅಂದೆ.

ಆಮೇಲಿನದೆಲ್ಲ ನೀನು ಮಾಡಿದ್ದು. ತುಕ್ಕಿಗೆ ಬಿಗಿದುಕೊಂಡಿದ್ದ ಪಿಸ್ಟನ್ನಿಗೆ ನಾಲ್ಕು ದಿನ ಸೀಮೆಎಣ್ಣೆ ಕುಡಿಸಿ, ಸುತ್ತಿಗೆ ಮುಟ್ಟಿಸದೆ ಬಿಡಿಸಿದ್ದು ನೀನು. ನೀರೆಳೆದು ಎಂಜಿನ್ ತಣಿಸುವ ಸಣ್ಣ ಪಂಪಿನ ರಬ್ಬರ್ ಚಕ್ರ ಮುಟ್ಟಿದರೆ ಉದುರುತ್ತಿತ್ತು, ಅದನ್ನು ಲಾರಿ ಟೈರಿನಲ್ಲಿ ಕತ್ತರಿಸಿ ಕೂರಿಸಿದ್ದು ನೀನು. ನೀರಿನ ಡ್ರಮ್ಮಿನಲ್ಲಿ ನಿಲ್ಲಿಸಿ ಚಾಲು ಮಾಡಿದರೆ ಮೂರು ನಿಮಿಷ ಓಡಿ ಸತ್ತುಹೋಗುತ್ತಿತ್ತು. ನಾನು ಕಾರ್ಬೊರೇಟರ್ ಮೂರು ಸಲ ಬಿಚ್ಚಿದೆ, ಪ್ಲಗ್ಗನ್ನು ಬೈದೆ, ವೆಂಕಟರಾಯಪ್ಪನವರ ತಂದೆಯನ್ನೂ ಬೈದೆ. ನೀನು ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ಒಂದು ಸುತ್ತು ಸಡಿಲ ಮಾಡಿದೆ, ಓಡುತ್ತಲೇ ಇತ್ತು. ಮುಚ್ಚಳದಲ್ಲಿ ಗಾಳಿಯಾಡುವ ತೂತಿಗೆ ಕಣಜದ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. "ಅಪ್ಪಾ, ಉಸಿರು ಕಟ್ಟಿತ್ತು ಪಾಪ ಇದಕ್ಕೆ" ಅಂದೆ. ಹತ್ತೊಂಬತ್ತು ವರ್ಷದ ಹುಡುಗಿ. ನನಗೆ ಹೆಮ್ಮೆಯೂ ಆಯಿತು, ಎಲ್ಲೋ ಸ್ವಲ್ಪ ಉರಿಯೂ ಆಯಿತು. ಇವತ್ತು ಮುಚ್ಚಿಡುವುದಿಲ್ಲ.

ಇನ್ನು ಪಿನ್ನಿನ ವಿಷಯ. ಕೆರೆಯಲ್ಲಿ ಓಡಿಸಿ ನೋಡುವಾಗ, ನೀರಿನೊಳಗೆ ತಿರುಗುವ ಫ್ಯಾನನ್ನು ಶಾಫ್ಟಿಗೆ ಹಿಡಿದಿಡುವ ಹಿತ್ತಾಳೆ ಪಿನ್ನು ಎರಡು ಸಲ ತುಂಡಾಯಿತು. ಅಷ್ಟು ವರ್ಷ ಒಣಗಿದ್ದ ಕೆರೆ, ಅಂಗಳದ ತುಂಬ ಜಾಲಿ ಬೆಳೆದಿತ್ತು, ನೀರು ಬಂದು ಎಲ್ಲ ಮುಳುಗಿ ಮೋಟು ಕೊಂಬೆಗಳು ಕಾದು ಕೂತಿದ್ದವು. ಅಕ್ಕಪಕ್ಕದ ಹುಡುಗರು ನಕ್ಕರು. ನೀನು ಹೇಳಿದೆ, "ಮುರೀಲಿ ಅಂತಾನೇ ಹಿತ್ತಾಳೆ ಹಾಕಿರೋದಪ್ಪ. ಅದು ಮುರಿದ್ರೆ ಒಳಗಿನ ಗೇರು ಉಳಿಯುತ್ತೆ. ಇನ್ನೊಂದು ಹಾಕ್ಕೊಂಡು ಹೋಗೋದಷ್ಟೆ." ನನ್ನ ತಲೆಗೆ ಅದು ಹೋಗಲಿಲ್ಲ. ಸಾವಿರ ಅಡಿ ಬೋರಿನಲ್ಲಿ ಇಳಿಸಿದ ಮೋಟರ್ ಕೆಟ್ಟರೆ ಮೇಲೆತ್ತಲು ಲಾರಿ, ಹತ್ತು ಆಳು ಬೇಕಾಗುವ ಊರಿನ ಮೆಕ್ಯಾನಿಕ್ ನಾನು. ನಮ್ಮ ಅಂಗಡಿಯಿಂದ ಹೋದದ್ದು ಮುರಿಯಬಾರದು, ಅಷ್ಟೇ ನನ್ನ ವಿದ್ಯೆ.

ಬಾಗಿನದ ದಿನ ಬೆಳಿಗ್ಗೆ ನೀನು ಮೊರ ಸಿಂಗರಿಸಲು ಅಕ್ಕಯ್ಯಮ್ಮನವರ ಮನೆಗೆ ಹೋದೆ. ನೀನು ಹಾಕಿದ್ದ ಹಿತ್ತಾಳೆ ಪಿನ್ನು ತೆಗೆದು, ಮುರಿದ ಡ್ರಿಲ್ ಬಿಟ್ಟಿನ ಹಿಂಬದಿಯನ್ನು ಗ್ರೈಂಡರಿನಲ್ಲಿ ಕೊಯ್ದು ನಾನು ಬಡಿದು ಕೂರಿಸಿದೆ. ಗಟ್ಟಿ ಉಕ್ಕು. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನೀನು ಬಿಡುತ್ತಿರಲಿಲ್ಲ.

ನಡುನೀರಿನಲ್ಲಿ ಫ್ಯಾನು ಜಾಲಿಯ ಕವಲಿಗೆ ಸಿಕ್ಕಿಕೊಂಡಿತು. ಪಿನ್ನು ಮುರಿಯಲಿಲ್ಲ. ಗೇರು ಪುಡಿಯಾಯಿತು, ದೋಣಿ ಗಿರಕ್ಕನೆ ತಿರುಗಿತು, ಎಂಬತ್ತು ವರ್ಷದ ಅಕ್ಕಯ್ಯಮ್ಮ ಹಲಗೆಯಿಂದ ಉರುಳಿ ಮಣಿಕಟ್ಟು ಮುರಿದುಕೊಂಡರು. ಹಗ್ಗ ಎಸೆದು ದಡಕ್ಕೆ ಎಳೆದಾಗ ವೆಂಕಟರಾಯಪ್ಪನವರು ಊರೆಲ್ಲ ಕೇಳುವಂತೆ ಅಂದರು, "ಹೆಣ್ ಹುಡ್ಗಿ ಕೈಗೆ ಸ್ಪ್ಯಾನರ್ ಕೊಟ್ರೆ ಇನ್ನೇನಾಗ್ತೈತೆ?" ಆ ಮುದುಕಿ, ಕೈ ಎದೆಗೆ ಒತ್ತಿಕೊಂಡು, "ಪಾಪಂ ಕಣ್ರೋ, ಆ ಬಿಡ್ಡನ್ನ, ಆ ಮಗೀನ ಏನೂ ಅನಬೇಡ್ರಪ್ಪಾ" ಅಂದರು. ನಾನು? ನಾನು ನೆಲ ನೋಡುತ್ತಾ ನಿಂತಿದ್ದೆ. ನೀನು ನನ್ನ ಮುಖ ನೋಡಿದ್ದು ಗೊತ್ತಾಗಿತ್ತು. ಮಾರನೇ ದಿನದಿಂದ ನೀನು ಅಂಗಡಿಗೆ ಬರಲಿಲ್ಲ, ಯಾಕೆ ಅಂತ ನಾನು ಕೇಳಲಿಲ್ಲ.

ಆ ಮೋಟರ್ ನನಗೆ ಬೇಡ ಅಂತ ವೆಂಕಟರಾಯಪ್ಪನವರು ಇಲ್ಲೇ ಬಿಟ್ಟಿದ್ದರು. ಗೋಣಿಚೀಲದ ಕೆಳಗಿತ್ತು. ಹೋದ ಸೋಮವಾರ ಬೆಂಗಳೂರಿನಿಂದ ಒಬ್ಬರು ಬಂದರು, ನೌಕಾದಳದಿಂದ ನಿವೃತ್ತರಾದವರಂತೆ, ಹಳೇ ದೋಣಿ ಮೋಟರುಗಳ ಹುಚ್ಚು. ಅವರೇ ನೆಲದ ಮೇಲೆ ಕೂತು ಬಿಚ್ಚಿದರು. ಪಂಪಿನ ರಬ್ಬರನ್ನು ಬೆಳಕಿಗೆ ಹಿಡಿದು, "ಇದನ್ನ ಕೈಯಲ್ಲಿ ಕತ್ತರಿಸಿದವರು ಯಾರು?" ಅಂದರು. "ನಾನೇ ಸಾರ್" ಅಂದೆ. ಆಮೇಲೆ ಫ್ಯಾನು ಬಿಚ್ಚಿದರು. ಗೇರಿನ ಹಲ್ಲೆಲ್ಲ ಪುಡಿ, ಉಕ್ಕಿನ ಪಿನ್ನು ಮಾತ್ರ ನೆಟ್ಟಗೆ ಕೂತಿತ್ತು. "ಆ ಕೆಲಸ ಮಾಡಿದ ಕೈ ಈ ಕೆಲಸ ಮಾಡಿರೋಕೆ ಸಾಧ್ಯ ಇಲ್ಲ" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅವರು ಕೇಳದಿದ್ದರೂ ನಾನಾಗಿ ಹೇಳಿದೆ, "ಆ ಪಿನ್ನು ನನ್ನ ಮಗಳು ಹಾಕಿದ್ದು ಸಾರ್, ಆಗಿನ್ನೂ ಕಲೀತಿದ್ಲು."

ಯಾರೂ ನನ್ನ ಕತ್ತು ಹಿಡಿದಿರಲಿಲ್ಲ. ಸುಳ್ಳು ತಾನೇ ಬಂತು, ಎಂಜಲು ನುಂಗುವಷ್ಟು ಸಲೀಸಾಗಿ.

ಕಾಫಿ ತಂದ ನಿಮ್ಮಮ್ಮ ಬಾಗಿಲಲ್ಲಿ ನಿಂತಿದ್ದಳು. ಅವರು ಹೋದ ಮೇಲೆ ಹೇಳಿದಳು, "ಆವತ್ತು ಬೆಳಿಗ್ಗೆ ಗ್ರೈಂಡರ್ ಸದ್ದು ನಂಗೆ ಕೇಳಿಸ್ತು. ಗಂಡನ ಮರ್ಯಾದೆ ಅಂತ ಬಾಯಿ ಮುಚ್ಕೊಂಡಿದ್ದೆ, ಆ ಪಾಪ ನಂದು. ಈಗ ಮಗು ಮಾಡಿದ್ನೂ ನೀವೇ ಬಾಚ್ಕೊಂಡ್ರಲ್ಲ, ಏನ್ ಮನುಷ್ಯರು ನೀವು?" ಅದೇ ಕೊನೆಯ ಮಾತು.

ಗುರುವಾರ ಬಸ್ಸು ಹಿಡಿದು ಅಕ್ಕಯ್ಯಮ್ಮನವರ ಮನೆಗೆ ಹೋದೆ. ಅವರ ಕೈ ಸೊಟ್ಟಗೇ ಕೂಡಿಕೊಂಡಿದೆ, ಲೋಟ ಎಡಗೈಯಲ್ಲಿ ಹಿಡಿಯುತ್ತಾರೆ. ಜಗಲಿಯ ಮೇಲೆ ನಾಲ್ಕು ಜನ ಕೂತಿದ್ದರು, ಅವರ ಮುಂದೆಯೇ ಎಲ್ಲ ಹೇಳಿದೆ. ವೆಂಕಟರಾಯಪ್ಪನವರು, "ನಾನೂ ಬಾಯಿಗೆ ಬಂದಂಗೆ ಅಂದ್ಬಿಟ್ನಲ್ಲಪ್ಪ" ಅಂದರು. ಅಕ್ಕಯ್ಯಮ್ಮ ಮಾತ್ರ, "ನಂಗ್ಯಾಕೆ ಹೇಳ್ತೀಯ ನರಸಿಂಹಪ್ಪ? ಬಿಡ್ಡಗೆ ಹೇಳ್ದೇನು?" ಅಂತ ಕೇಳಿದರು. ಬರುವಾಗ ಪೋಸ್ಟಾಫೀಸಿನ ಹತ್ತಿರ ಇಳಿದು ಈ ಕವರು ಕೊಂಡೆ.

ಬೆಂಗಳೂರಿನವರಿಗೂ ಫೋನ್ ಮಾಡಿ ನಿಜ ಹೇಳಿದೆ. ನಿನ್ನ ವಿಳಾಸ ಕೇಳಿದರು. ನಿನ್ನನ್ನು ಕೇಳದೆ ಕೊಡಲಿಲ್ಲ.

ಕ್ಷಮಿಸು ಅಂತ ಕೇಳುವುದಿಲ್ಲ ಕಣಮ್ಮ. ಕೇಳಿದರೆ ನೀನು ‘ಹೋಗ್ಲಿ ಬಿಡಪ್ಪ’ ಅಂತೀಯ, ನನಗೆ ಅದು ಬೇಡ. ಮಳಿಗೆ ಹಿಡಿಯುವುದು ಬಿಡುವುದು ನಿನ್ನಿಷ್ಟ. ಈ ಕಾಗದವನ್ನು ಕನಕರಾಜನಿಗೂ ಓದಲು ಕೊಡು. ಅವನ ಮುಂದೆ ನಾನು ಸಣ್ಣವನಾಗುವುದು ನ್ಯಾಯವೇ. ಊಟ ಬಿಡಬೇಡ, ಬೆಳಗಿನ ಚಳಿಗೆ ಹುಷಾರು. ನಿನ್ನ ಮನೆ ಬೆಳಗಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ಇಂತಿ ನಿನ್ನ ಅಪ್ಪ,
ನರಸಿಂಹಪ್ಪ

ತಾ.ಕ.: ಕವರು ಅಂಟಿಸಿದವನು ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದರಲ್ಲೂ ಒಂದನ್ನು ನುಂಗಿದ್ದೇನೆ. ನಾನು ನೆಲ ನೋಡುತ್ತಾ ನಿಂತೆ ಅಂತ ಬರೆದೆನಲ್ಲ, ಅಷ್ಟೇ ಆಗಿದ್ದರೆ ಹೇಡಿ ಅನ್ನಬಹುದಿತ್ತು. ಆ ಸಂಜೆ ನೀನು ಹಿತ್ತಲಲ್ಲಿ ನನ್ನ ಹತ್ತಿರ ಬಂದು, "ಅಪ್ಪಾ, ನಾನು ಹಿತ್ತಾಳೇದೇ ಹಾಕಿದ್ದೆ, ನಂಗೆ ಚೆನ್ನಾಗಿ ಜ್ಞಾಪಕ ಇದೆ" ಅಂದೆ. ನಾನು ನಿನ್ನ ತಲೆ ಸವರಿ, "ಇಲ್ಲ ಕಣಮ್ಮ, ಬಿಚ್ಚಿ ನೋಡ್ದೆ, ಉಕ್ಕಿಂದೇ ಇತ್ತು. ಆತುರದಲ್ಲಿ ಡಬ್ಬಿ ತಪ್ಪಿರ್ತೀಯ, ನಿಂಗೆ ಜ್ಞಾಪಕ ಸಾಲದು" ಅಂದೆ. ನೀನು ನಂಬಿದೆ, ಅಪ್ಪ ಹೇಳಿದ್ದಾನೆ ಅಂತ. ನಿನಗೆ ಜ್ಞಾಪಕ ಇದ್ದದ್ದೇ ಸರಿ ಭಾನು. ನೀನು ಹಾಕಿದ್ದು ಹಿತ್ತಾಳೇದೇ.