ಯಂತ್ರ ಕೆಟ್ಟಿಲ್ಲ, ಸಿಸ್ಟರ್

ಐಸಿಯು ದೊಡ್ಡ ಸಿಸ್ಟರ್ ಅವರಿಗೆ ನಮಸ್ಕಾರ.

ಹೋದ ವಾರ ಮೂರನೇ ಬೆಡ್ಡಿನಲ್ಲಿ ತೀರಿಕೊಂಡವಳ ಗಂಡ ಬರೆಯುತ್ತಿದ್ದೇನೆ. ತಣ್ಣೀರು ಹರಿಯುವ ಆ ಹಾಸಿಗೆಯ ಯಂತ್ರಕ್ಕೆ ‘ಕೆಟ್ಟಿದೆ’ ಎಂದು ಚೀಟಿ ಅಂಟಿಸಿ ಮೂಲೆಗೆ ತಳ್ಳಿದ್ದೀರಂತೆ. ದಯವಿಟ್ಟು ಚೀಟಿ ಕೀಳಿ. ಇನ್ಯಾರಿಗೋ ಅದು ಬೇಕಾದೀತು. ಕೆಟ್ಟದ್ದು ಯಂತ್ರವಲ್ಲ, ನನ್ನ ತಂತ್ರ.

“ಹೃದಯ ನಿಂತು ಮತ್ತೆ ಶುರುವಾಗಿದೆ. ಮಿದುಳು ಉಳೀಬೇಕಂದ್ರೆ ಮೈ ತಣ್ಣಗಿರ್ಬೇಕು, ಅಣ್ಣಾ” ಎಂದು ನೀವು ಬಿಡಿಸಿ ಹೇಳಿದ್ದಿರಿ. ನಾನೂ ಪದವೀಧರ; ಅರ್ಥವಾದವನಂತೆ ತಲೆಯಾಡಿಸಿದೆ. ಆದರೆ ಅವಳು ಬೇಸಿಗೆಯಲ್ಲೂ “ರೀ, ಕಾಲು ಕೊರೀತಿದೆ” ಎಂದು ನನ್ನ ಹೊದಿಕೆ ಎಳೆದುಕೊಳ್ಳುತ್ತಿದ್ದವಳು. ಇಪ್ಪತ್ತು ವರ್ಷ ನಾನು ಅರ್ಧ ಹೊದ್ದು, ಪೂರ್ತಿ ಬೈಸಿಕೊಂಡು ಮಲಗಿದವನು. ಅವಳ ಪಾದ ಮುಟ್ಟಿದೆ, ತಡೆಯಲಾಗಲಿಲ್ಲ. ನೀವು ಅತ್ತ ಹೋದಾಗಲೆಲ್ಲ ಬಿಸಿನೀರಿನ ಚೀಲವನ್ನು ಪಾದದಡಿ ಇಟ್ಟೆ. ನಿಮ್ಮ ಹೆಜ್ಜೆ ಕೇಳಿದೊಡನೆ ಬ್ಯಾಗಿಗೆ ತುರುಕಿದೆ. ಮೈ ತಣ್ಣಗಾಗುತ್ತಿಲ್ಲ ಎಂದು ಯಂತ್ರ ಅಷ್ಟು ಕೂಗಿಕೊಂಡದ್ದು ಅದಕ್ಕೇ. ರಿಪೇರಿಯವನು ಬೈಸಿಕೊಂಡಾಗಲೂ ನಾನು ಸುಮ್ಮನಿದ್ದೆ. ಅವನಿಗೂ ತಿಳಿಸಿ.

ಅವಳು ಹೋದದ್ದು ಅದರಿಂದಲೇನಾ ಎಂದು ಡಾಕ್ಟರನ್ನು ಕೇಳಿ ಬರೆಯಿರಿ. ನನ್ನ ಸಮಾಧಾನಕ್ಕೆಂದು ಸುಳ್ಳು ಬೇಡ. ಯಂತ್ರ ಕೈಕೊಟ್ಟಿತು ಎಂದು ಅವಳ ಅಮ್ಮನಿಗೆ ನಾನು ಹೇಳಿರುವ ಒಂದು ಸುಳ್ಳೇ ಸಾಕು.

ಉತ್ತರಕ್ಕೆ ಕಾಯುವ,
ಅವಳ ಗಂಡ