ಮೂರನೆಯ ಪತ್ರದಲ್ಲಿ ಒಂದೂ ತಪ್ಪಿರಲಿಲ್ಲ

ಮಾನ್ಯ ನರ್ಸಿಂಗ್ ಕಾಲೇಜಿನ ಪ್ರಾಂಶುಪಾಲರೇ,

ನೀವು ಎರಡು ಸಲ ವಾಪಸು ಮಾಡಿದ ರಜೆಪತ್ರವನ್ನು ಮೂರನೇ ಸಲ ತಪ್ಪಿಲ್ಲದೆ ಬರೆದವನು ನಾನೇ. ಆ ಪತ್ರ ನಿಮಗೆ ಒಪ್ಪಿಗೆಯಾಯಿತು. ಆದರೆ ನಿಮ್ಮ ವಿದ್ಯಾರ್ಥಿನಿ ಸುಮಲತಾ ಊರು ಮುಟ್ಟುವ ಹೊತ್ತಿಗೆ ಅವಳ ಅಪ್ಪ ಉಚ್ಚಂಗೆಪ್ಪನನ್ನು ಮಣ್ಣು ಮಾಡಿ ಬಂದಿದ್ದೆವು.

ಪೋಷಕರ ಪತ್ರ ಇಂಗ್ಲಿಷಿನಲ್ಲೇ ಇರಬೇಕೆಂಬುದು ನಿಮ್ಮ ನಿಯಮ. ಹುಡುಗಿಯ ತಾಯಿ, ನನ್ನ ತಂಗಿ ನಾಗಕ್ಕ, ಹೆಬ್ಬೆಟ್ಟಿನವಳು. ನನ್ನದು ಏಳನೇ ಕ್ಲಾಸು, ಉಳಿದದ್ದು ಹಳೆಯ ಡಿಕ್ಷನರಿ ಕಲಿಸಿದ್ದು. ಮೊದಲ ಪತ್ರದಲ್ಲಿ ‘ಅಕ್ಸೆಪ್ಟ್’ ಇರಬೇಕಾದಲ್ಲಿ ‘ಎಕ್ಸೆಪ್ಟ್’ ಬರೆದಿದ್ದೆ. ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ವಾಟ್ಸಾಪಿನಲ್ಲಿ ಕಳಿಸಿದಿರಿ. ಎರಡನೆಯದರಲ್ಲಿ ‘ಅಡ್ವೈಸ್’, ‘ಅಡ್ವೈಜ್’ ಅದಲುಬದಲಾದವು. ಮತ್ತೆ ಸುತ್ತು. ಎಂಥ ಚುರುಕು ಕಣ್ಣು ಸ್ವಾಮಿ ನಿಮ್ಮದು! ಆ ಹೊತ್ತಿನಲ್ಲಿ ಹುಡುಗಿ ನಿಮ್ಮ ಎದುರಿಗೇ ನಿಂತಿದ್ದಳಲ್ಲ, ಅವಳ ಮುಖ ಕಾಣಲಿಲ್ಲವೇ?

“ಸರ್, ನಮ್ಮಪ್ಪ ಉಳಿಯಲ್ಲಂತ್ರಿ. ಡಾಕ್ಟ್ರು ಮನಿಗೆ ಕಳಿಸ್ಯಾರ” ಎಂದಳಂತೆ.

“ಅದೆಲ್ಲ ಪತ್ರದಲ್ಲಿ ಬರಲಿ, ಅಮ್ಮ” ಎಂದಿರಂತೆ.

ಇತ್ತ ಗಾರೆ ಕೆಲಸದ ಉಚ್ಚಂಗೆಪ್ಪ ಮಲಗಿದಲ್ಲಿಂದಲೇ ನನ್ನನ್ನು ಛೇಡಿಸುತ್ತಿದ್ದ: “ಭಾವ, ನಿನ್ನ ಇಂಗ್ಲಿಷ್ ಪಾಸಾಗೋ ತನಕ ನಾನಿರ್ತೀನೇನು?”

ಈಗ ನನ್ನ ತಪ್ಪನ್ನೂ ಹೇಳಬೇಕು. ಒಂದನ್ನೊಂದು ಹೋಲುವ ಇಂಗ್ಲಿಷ್ ಪದಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಜೋಡಿಜೋಡಿಯಾಗಿ ಬರೆದುಕೊಂಡು, ಮೂರನೆಯ ಪತ್ರವನ್ನು ಎರಡು ದಿನ ತಿದ್ದಿದೆ. ನೀವು ಸುತ್ತು ಹಾಕಿದ್ದ ಸಾಲಿನಲ್ಲೇ ಡಾಕ್ಟರು ಹೇಳಿದ ಮಾತಿತ್ತು: ಎಂಟು ದಿನವಷ್ಟೇ. ಮತ್ತೆ ತಪ್ಪಾದೀತೆಂದು ಹೆದರಿ ಆ ಸಾಲನ್ನೇ ಕಿತ್ತುಹಾಕಿದೆ. ‘ತಂದೆಗೆ ಹುಷಾರಿಲ್ಲ’ ಎಂಬುದು ಉಳಿಯಿತು. ಪತ್ರ ಶುದ್ಧವಾಯಿತು. ಪರೀಕ್ಷೆ ಮುಗಿದ ಮೇಲೆ ನಾಲ್ಕು ದಿನ ರಜೆ ಎಂದು ನೀವು ಬರೆದಿರಿ. ಅದು ಮುಗಿಯುವ ಮೊದಲೇ ಉಚ್ಚಂಗೆಪ್ಪ ಹೋದ.

ನಲವತ್ತು ವರ್ಷದಿಂದ ಮಾಗಳದಲ್ಲಿ ಅವರಿವರಿಗೆ ಅರ್ಜಿ ಬರೆದುಕೊಟ್ಟಿದ್ದೇನೆ. ಬರೆದದ್ದನ್ನು ಓದಿ ಹೇಳಿ, ಅವರು ‘ಹೌದು’ ಅಂದ ಮೇಲೆಯೇ ಹೆಬ್ಬೆಟ್ಟು ಒತ್ತಿಸುವುದು ನನ್ನ ಪದ್ಧತಿ. ಇಂಗ್ಲಿಷೆಂದು, ಸ್ವಂತ ತಂಗಿಗೆ ಅದೊಂದನ್ನು ಮಾಡಲಿಲ್ಲ. ಮಣ್ಣಾದ ಮೂರನೇ ದಿನ ಅವಳೇ ಕೇಳಿದಳು: “ಅಣ್ಣಾ, ಆ ಕಾಗದದಾಗ ಏನು ಬರ್ದಿದ್ದಿ, ಓದು.” ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದೆ.

“ಇದರಾಗ ಅವ್ರು ಸಾಯಾಕತ್ಯಾರಂತ ಎಲ್ಲೈತಿ?”

ಆ ಸಾಲನ್ನು ಕಿತ್ತುಹಾಕಿದ್ದನ್ನು ಹೇಳಿದೆ.

“ಆವಾಗ ಓದಿದ್ರ ನಾನ ಹೇಳ್ತಿದ್ನಲ್ಲೋ ಅಣ್ಣಾ” ಎಂದು ಸೆರಗು ಬಾಯಿಗಿಟ್ಟಳು. ಬೈದಿದ್ದರೆ ಹಗುರಾಗುತ್ತಿತ್ತು.

ಈಗ, ಹನ್ನೊಂದನೇ ದಿನದ ತನಕ ಹುಡುಗಿ ಊರಲ್ಲೇ ಉಳಿದದ್ದೇಕೆಂದು ತಾಯಿಯಿಂದ ಇಂಗ್ಲಿಷಿನಲ್ಲಿ ವಿವರಣೆ ಕೇಳಿದ್ದೀರಿ. ನಾನು ಬರೆಯುವುದಿಲ್ಲ, ಅವಳು ಹೆಬ್ಬೆಟ್ಟು ಒತ್ತುವುದಿಲ್ಲ. ಪೋಷಕರ ಪತ್ರ ಅವರ ಭಾಷೆಯಲ್ಲಿ ಬಂದರೂ ತೆಗೆದುಕೊಳ್ಳಿ. ಅನುಮಾನ ಬಂದರೆ ಒಂದು ಫೋನು ಮಾಡಿ. ಸೋಮವಾರ ಸುಮಲತಾ ಬರುತ್ತಾಳೆ. ಅವಳನ್ನು ಕೂಡಿಸಿ, ಅಪ್ಪ ಹೇಗೆ ಹೋದನೆಂದು ಬಾಯಿಬಿಟ್ಟು ಕೇಳಿ. ಅವಳು ಹೇಳಿ ಮುಗಿಸುವ ತನಕ ಪೆನ್ನು ಮುಟ್ಟಬೇಡಿ.

ಇಂತಿ,
ಪದಗಳನ್ನೆಲ್ಲ ಸರಿಯಾಗಿ ತಿದ್ದಿದ ತಪ್ಪಿತಸ್ಥ,
ಸುಮಲತಾಳ ಸೋದರಮಾವ ಹನುಮಣ್ಣ
ಮಾಗಳ, ಹಡಗಲಿ ತಾಲ್ಲೂಕು